ಕಮಲಾಪುರದ ಬಸ್ಸಿನಲ್ಲಿ ರೋಮಿನ ಸಿಂಹಾಸನ

ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ವಸತಿ ಶಾಲೆಯಲ್ಲಿ. ಮುಂದೆ ಅಂಥದೇ ಒಂದು ಹಾಸ್ಟೆಲಿಗೆ ಗಂಟೆ ಹೊಡೆಸುವ ವಾರ್ಡನ್ ಆದೆ. ನಿವೃತ್ತಿಯ ಮೇಲೆ ಸುಮ್ಮನೆ ಕೂರುವುದು ಗೊತ್ತಾಗದೆ, ಕಲಬುರಗಿಯ ಬ್ರಹ್ಮಪುರದ ಮನೆಯಿಂದ ದಿನಾ ಕಮಲಾಪುರಕ್ಕೆ ಹೋಗಿ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸಲು ಒಪ್ಪಿಕೊಂಡೆ. ಅಡ್ಡಿಯೆಂದರೆ ನನ್ನ ಎಡಮಂಡಿ. ಮಡಚಿ ಕೂತರೆ ಇಳಿಯುವಾಗ ಅದು ನನ್ನ ಮಾತು ಕೇಳುವುದಿಲ್ಲ. ಬಸ್ಸಿನಲ್ಲಿ ಕಾಲು ಚಾಚಲು ಬರುವುದು ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಮಾತ್ರ. ಆ ಸೀಟು ಇದ್ದರೆ ಪಾಠ, ಇಲ್ಲದಿದ್ದರೆ ಮನೆ.

ನಮ್ಮ ಕಡೆ ಕಿಟಕಿಯಿಂದ ಕರವಸ್ತ್ರ ಎಸೆದವರದೇ ಸೀಟು. ನಾನು ಹಾಗೆ ಎಸೆಯುವವಳಲ್ಲ, ಎಸೆಯುವವರನ್ನು ಬೈಯುವವಳು. ಹಾಗಾಗಿ ಅದೇ ಬಸ್ಸಿನಲ್ಲಿ ಕಮಲಾಪುರದ ಕಚೇರಿಗೆ ಹೋಗುವ ಗುಮಾಸ್ತರೊಬ್ಬರು ನನ್ನ ನೀಲಿ ಅಂಚಿನ ಕರವಸ್ತ್ರ ಇಟ್ಟುಕೊಂಡು, ಬೇಗ ಬಂದು, ನನ್ನ ಪರವಾಗಿ ಎಸೆಯುತ್ತಿದ್ದರು. ಪ್ರತಿಯಾಗಿ ನಾನು ದಾರಿಯುದ್ದಕ್ಕೂ ರೋಮಿನ ಮೊದಲ ಚಕ್ರವರ್ತಿಗಳ ಕಥೆ ಹೇಳಬೇಕು.

ಕಾಡಿನಲ್ಲಿ ದಂಡು ಕಳೆದುಕೊಂಡ ಚಕ್ರವರ್ತಿ ಬಾಗಿಲಿಗೆ ತಲೆ ಚಚ್ಚಿಕೊಂಡದ್ದನ್ನು ಹೇಳಿದ ದಿನ ಕಂಡಕ್ಟರ್ ಟಿಕೆಟ್ ಹರಿಯುವುದನ್ನೇ ಮರೆತಿದ್ದ. ಆಮೇಲೆ ಎರಡನೆಯವನ ಕಥೆಗೆ ಬಂದೆ. ಆ ಮುದುಕ ಊರು ಬಿಟ್ಟು ದ್ವೀಪದಲ್ಲಿ ಹೋಗಿ ಕೂತ. ಕಾವಲು ಪಡೆಯ ದಂಡನಾಯಕ ಅವನ ಹೆಸರಿನಲ್ಲಿ ರೋಮ್ ಆಳತೊಡಗಿದ. ಕಥೆ ಅಲ್ಲಿಗೆ ನಿಂತಿತು. ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು, ಕೆಲವು ವಾರ ಬಸ್ಸು ಹತ್ತಬಾರದೆಂದು ಡಾಕ್ಟರು ಹೇಳಿದರು.

ಮನೆಯೆಂಬ ದ್ವೀಪದಲ್ಲಿದ್ದ ನನಗೆ ಸುದ್ದಿ ತರುತ್ತಿದ್ದವಳು ಅದೇ ಬಸ್ಸಿನಲ್ಲಿ ಓಡಾಡುವ ಒಬ್ಬ ನರ್ಸ್. ಅವಳು ಫೋನು ಮಾಡಿದಳು.

“ಮೇಡಂ, ನಿಮ್ಮ ಸೀಟಿನ್ಯಾಗ ಗುಮಾಸ್ತರು ಕುಂದರ್ಲಾಕತ್ತಾರ್ರಿ.”

“ಕುಂದರ್ಲಿ ಬಿಡವ್ವ, ಖಾಲಿ ಅದ.”

“ಕಾಲು ಚಾಚಿ ಕುಂದರ್ತಾರ್ರಿ. ನಿನ್ನೆ ನಿಮ್ಮ ಕರವಸ್ತ್ರದಾಗ ಮಾರಿ ಒರಿಸಿಕೊಂಡ್ರು.”

ಸೀಟಿಗಿಂತ ಆ ಕರವಸ್ತ್ರ ನನ್ನನ್ನು ಕೆರಳಿಸಿತು. ರುಚಿ ಹತ್ತಿದ ಮೇಲೆ ಯಾರು ತಾನೇ ಇಳಿದಾರು? ನಾನು ವಾಪಸ್ಸು ಹೋಗುವಷ್ಟರಲ್ಲಿ ಆ ಸೀಟು ಅವರದೇ ಎಂದು ಬಸ್ಸೆಲ್ಲ ಒಪ್ಪಿಬಿಡುತ್ತದೆ. ಆಗ ನನ್ನ ಮಂಡಿಯ ಗತಿ, ಪಾಠದ ಗತಿ?

ನಾನು ಮುದಿ ಚಕ್ರವರ್ತಿಯ ದಾರಿಯನ್ನೇ ಹಿಡಿದೆ. ಅವನು ದ್ವೀಪದಿಂದ ಒಂದು ಉದ್ದನೆಯ ಪತ್ರ ಕಳಿಸಿದ. ಬಡ್ತಿ ಬಂತೆಂದು ದಂಡನಾಯಕ ಹಿಗ್ಗಿ ಸಭೆಯಲ್ಲಿ ಕೂತ. ಪತ್ರ ಅದೂ ಇದೂ ಹೇಳುತ್ತ ಸುತ್ತಿ ಸುತ್ತಿ ಕೊನೆಗೆ ಅವನನ್ನು ಹಿಡಿಯಿರಿ ಎಂದಿತು. ಅಷ್ಟರಲ್ಲೇ ಗಾಳಿ ತಿರುಗಿದ್ದು ತಿಳಿದು, ಪಕ್ಕದಲ್ಲಿ ಕೂತವರು ಒಬ್ಬೊಬ್ಬರೇ ಎದ್ದು ದೂರ ಸರಿದಿದ್ದರು. ಈ ಭಾಗ ಬಸ್ಸಿನವರು ಇನ್ನೂ ಕೇಳಿರಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಬಸ್ಸಿನವರ ಮೊಬೈಲ್ ಗುಂಪಿಗೆ ಉದ್ದನೆಯದೊಂದು ವಾಯ್ಸ್ ಮೆಸೇಜ್ ಮಾಡಿದೆ. ಮೊದಲು ಗುಮಾಸ್ತರ ಸಮಯಪಾಲನೆ, ಆಮೇಲೆ ಅವರ ವಿನಯ, ಆಮೇಲೆ ಹಿರಿಯರೆಂದರೆ ಅವರಿಗಿರುವ ಗೌರವ. ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಇಂಥವರೇ ನನ್ನ ಸೀಟು ನುಂಗಿ ನನ್ನ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು, ಈಗಲೇ ಎಬ್ಬಿಸಿರಿ ಎಂದೆ. ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹಚ್ಚಬೇಕೆಂದು ನರ್ಸಿಗೆ ಆಜ್ಞೆಯಾಯಿತು.

ಆ ಬೆಳಿಗ್ಗೆಯೆಲ್ಲ ಫೋನಿನ ಮುಂದೆಯೇ ಕೂತಿದ್ದೆ. ಬಂತು.

“ಹಚ್ಚಿದ್ಯಾ?”

“ಹಚ್ಚಿದ್ನಿರಿ. ಗುಮಾಸ್ತರು ಭಾಳ ಖುಷಿಯಾದ್ರು.”

“ಆಮ್ಯಾಲ?”

“ಆಮ್ಯಾಲ ಅವರ ಬಾಜೂ ಕುಂತವರು ಎದ್ರು. ಹಿಂದಿನವರೂ ಎದ್ರು. ಎಲ್ಲಾರೂ ಎದ್ದು ಹೋಗಿಬಿಟ್ರು ಮೇಡಂ.”

ನನಗೆ ರೋಮಾಂಚನವಾಯಿತು. ರೋಮಿನಲ್ಲಿ ಆದದ್ದು ಚಾಚೂ ತಪ್ಪದೆ ಆಗಿದೆ. “ಕರವಸ್ತ್ರದ ಮಾತು ಬಂದ ಕೂಡಲೇ ಎದ್ರೇನು?”

“ಕರವಸ್ತ್ರ ಎಲ್ಲಿ ಬಂತ್ರಿ? ಕಮಲಾಪುರ ಬಂತು.”

ಮಹಾಗಾಂವ್ ಕ್ರಾಸಿನವರೆಗೆ ಗದ್ದಲ. ಟಿಕೆಟ್ ಮುಗಿಯುವ ತನಕ ಏನೂ ಹಚ್ಚಬೇಡಿ ಎಂದು ಕಂಡಕ್ಟರ್. ಕೊನೆಗೆ ಹಚ್ಚಿದಾಗ, ಹಿರಿಯರ ಮೇಲಿನ ಗೌರವದ ನಟ್ಟನಡುವೆ ಸ್ಟಾಪು ಬಂದು, ಸಭೆಯೇ ಇಳಿದು ಹೋಗಿತ್ತು.

ಸಂಜೆ ನರ್ಸಿನ ಕೈಯಲ್ಲಿ ಗುಮಾಸ್ತರು ಒಂದು ಚಿಪ್ಪು ಕಮಲಾಪುರದ ಕೆಂಪು ಬಾಳೆಹಣ್ಣು ಕಳಿಸಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಅವರನ್ನು ಯಾರೂ ಹೊಗಳಿರಲಿಲ್ಲವಂತೆ. ಹಣ್ಣು ಸಿಹಿಯಾಗಿತ್ತು. ರಾತ್ರಿ ಮಲಗುವ ಮುನ್ನ ಸಂದೇಶವನ್ನು ಗುಂಪಿನ ಎಲ್ಲರ ಫೋನಿನಿಂದಲೂ ಅಳಿಸಿದೆ. ಆ ಚಕ್ರವರ್ತಿಗೆ ಇಲ್ಲದ ಅನುಕೂಲ ನನಗಿತ್ತು.

ಡಾಕ್ಟರು ಬಿಟ್ಟ ಮೊದಲ ದಿನ ಬಸ್ ಸ್ಟ್ಯಾಂಡಿಗೆ ಹೋದೆ. ಸೀಟಿನ ಮೇಲೆ ನೀಲಿ ಅಂಚಿನ ಕರವಸ್ತ್ರ ಒಗೆದು ಇಸ್ತ್ರಿಯಾಗಿ ಹಾಸಿತ್ತು. ಗುಮಾಸ್ತರು ಪಕ್ಕದಲ್ಲಿ ನಿಂತಿದ್ದರು.

“ಖಾಲಿ ಬಿಟ್ರ ಮಂದಿ ಹಿಡೀತಾರಂತ ನಾನೇ ಕುಂತು ಕಾದೀನಿ ಮೇಡಂ.”

ಸಿಂಹಾಸನದ ಮೇಲೆ ಕೂತವರೆಲ್ಲ ಹೇಳುವ ಮಾತೇ ಇದು. ಆದರೂ ಕಾಲು ಚಾಚಿ ಕೂತೆ. ಮಂಡಿ ಸುಮ್ಮನಾಯಿತು.

“ದಂಡನಾಯಕಂದು ಮುಂದ ಏನಾತ್ರಿ?” ಎಂದರು ಗುಮಾಸ್ತರು.

ಬೇರೆ ಕಥೆ ಹೇಳೋಣವೆಂದರೆ ಕಂಡಕ್ಟರ್ ಬಿಡಲಿಲ್ಲ. ಪತ್ರ, ಹೊಗಳಿಕೆ, ಎದ್ದು ಹೋದವರು, ದಂಡನಾಯಕನನ್ನು ಅಂದೇ ಕೊಂದದ್ದು, ಎಲ್ಲವನ್ನೂ ಕಿಟಕಿಯ ಹೊರಗೆ ನೋಡುತ್ತ ಹೇಳಿ ಮುಗಿಸಿದೆ. ನರ್ಸ್ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಗುಮಾಸ್ತರು ಸೀಟಿನ ಕಂಬಿ ಹಿಡಿದು ನನ್ನ ಕಡೆ ಬಗ್ಗಿದರು.

“ಅಂವಗ ಮನಿಗೆ ಹೋಗಿ ಪೂರ್ತಿ ಕೇಳಾಕ ಟೈಮ್ ಸಿಗಲಿಲ್ಲ ನೋಡ್ರಿ,” ಎಂದರು. “ನನಗ ಸಿಕ್ತು. ಅವತ್ತೇ ಕರವಸ್ತ್ರ ಒಗಿಯಾಕ ಹಾಕಿದೆ.”