ಭಾಗ್ಯಳಿಗೆ ನಾನು ಆರಿಸಿಕೊಟ್ಟ ಫೋನು

ಭಾಗ್ಯ, ಆ ಫೋನು ಬಾಳಿಕೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ತೆಗೆದುಕೋ ಎಂದೆ. ಕಣ್ತಪ್ಪಿ ಆದದ್ದಲ್ಲ, ತಿಳಿಯದೆ ಆದದ್ದೂ ಅಲ್ಲ — ಬೇಕೆಂದೇ ಮಾಡಿದ್ದು.

ಇಷ್ಟು ಹೇಳಿದ ಮಾತ್ರಕ್ಕೆ ನಿನ್ನ ಮೇಲೆ ನನಗೆ ಪ್ರೀತಿ ಉಕ್ಕಿದೆ ಎಂದುಕೊಳ್ಳಬೇಡ. ನಾವು ವಾರಗಿತ್ತಿಯರು, ನೀನೆಂದರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ಹಬ್ಬಕ್ಕೆಂದು ಹೊಸದುರ್ಗದ ಕಡೆಯ ನಿಮ್ಮ ಹಟ್ಟಿಗೆ ಬಂದಿದ್ದಾಗ, ಊಟಕ್ಕೆ ಕೂತ ನೆಂಟರೆಲ್ಲರ ಮುಂದೆ ಅತ್ತೆ, "ಓದ್ಕಂಡು ಆಫೀಸಿಗೆ ಹೋಗೋಳಿಗಿಂತ ಕಂಬಳಿ ಮಾರೋ ನಮ್ ಭಾಗ್ಯನೇ ವಾಸಿ" ಅಂದರು. ನೀನು ತಲೆ ತಗ್ಗಿಸಿಕೊಂಡು ನಕ್ಕೆ. ನಡೆದದ್ದು ಅಷ್ಟೇ. ಆ ನಗುವನ್ನು ನಾನು ಹಿರಿಯೂರಿನ ನನ್ನ ಮನೆಯವರೆಗೂ ಹೊತ್ತುಕೊಂಡು ಬಂದೆ.

ನಿನ್ನ ಗಂಡ ಕುರಿ ಮೇಯಿಸುತ್ತಿದ್ದ. ಅದರ ಉಣ್ಣೆಯಿಂದ ಕಂಬಳಿ ನೇಯಿಸಿ, ಫೋನಿನಲ್ಲಿ ಫೋಟೊ ಕಳಿಸಿ ಮಾರುವ ದಾರಿ ಕಂಡುಕೊಂಡವಳು ನೀನು. ದಾವಣಗೆರೆ, ಹಾವೇರಿಯ ಕಡೆಯಿಂದೆಲ್ಲ ನಿನಗೆ ಕರೆ ಬರುತ್ತಿತ್ತು. ಹಳೆಯ ಫೋನು ಕೈಕೊಡತೊಡಗಿದಾಗ ನನ್ನ ಮನೆಗೆ ಬಂದು ಕೂತೆ.

"ನಾಕೈದು ವರ್ಷ ಬಾಳಿಕೆ ಬರ್ಬೇಕು ಅಕ್ಕ. ಪದೇ ಪದೇ ತಗಳಾಕೆ ನಮ್ಗಾಗಲ್ಲ. ಗಂಗಮ್ಮನ್ನ ಕೇಳ್ಕಂಡು ಬರಾಣ ಅಂದ್ರು ನಿಮ್ ಮೈದ್ನ. ನಮ್ಮಕ್ಕ ಐದಾಳಲ್ಲ, ಗಂಗಮ್ಮ ಯಾಕೆ ಅಂದೆ."

ಹಾಲುರಾಮೇಶ್ವರದ ಕೊಳದ ಮುಂದೆ ಕೂತು, ನೀರಿನಲ್ಲಿ ಏನು ತೇಲಿ ಬರುತ್ತದೆಂದು ಕಾದು, ಆ ಕೊಳದ ದೇವಿ ಗಂಗಮ್ಮನನ್ನು ಕೇಳದೆ ನಿಮ್ಮ ಮನೆಯಲ್ಲಿ ಬೋರ್‌ವೆಲ್ ಕೊರೆಸುವುದಿಲ್ಲ, ಹೆಣ್ಣು ಕೊಡುವುದಿಲ್ಲ. ಅಲ್ಲಿಗೆ ಹೋಗುವುದನ್ನು ಬಿಟ್ಟು ನೀನು ನನ್ನ ಹತ್ತಿರ ಬಂದಿದ್ದೆ. ನಾನು — ಆ ಮಾತು ಕೇಳಿದ ಮೇಲಾದರೂ...

ಇಲ್ಲ, ನನ್ನ ಮನಸ್ಸು ಬದಲಾಗಲಿಲ್ಲ.

ನೆಂಟರಲ್ಲಿ ಯಾರಿಗೆ ಫೋನು ಬೇಕಾದರೂ ನನ್ನನ್ನು ಕೇಳುವುದು ರೂಢಿ. ನಾನು ಜಾಹೀರಾತು ನೋಡುವವಳಲ್ಲ. ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಗೆ ಹೋಗಿ, ಯಾವ ಕಂಪನಿಯ ಫೋನುಗಳು ಮೇಜಿನ ಮೇಲೆ ಬಿಚ್ಚಿ ಬಿದ್ದಿವೆ ಎಂದು ನೋಡಿ ಬರುತ್ತಿದ್ದೆ. ಅದನ್ನು ಬಿಟ್ಟು ಬೇರೆಯದನ್ನು ಹೇಳುತ್ತಿದ್ದೆ. ನಿನಗಾಗಿಯೂ ಹೋಗಿ ನೋಡಿದೆ. ಮೇಜಿನ ತುಂಬ ಒಂದೇ ಕಂಪನಿಯವು — ತೆಳ್ಳಗೆ, ಬೆನ್ನು ಮಿರಮಿರ ಮಿಂಚುವಂಥವು. "ಬೋರ್ಡೇ ಹೋಗ್ತೈತೆ ಮೇಡಂ, ಬೆಂಗಳೂರಿಗೇ ಕಳಿಸ್ಬೇಕು" ಎಂದ ಅಂಗಡಿಯವನು. ಅದೇ ಬೆಲೆಗೆ ಇನ್ನೊಂದು ಕಂಪನಿಯದಿತ್ತು: ದಪ್ಪ, ನೋಡಲು ಸಪ್ಪೆ, ಆದರೆ ಸರ್ವಿಸ್ ಸೆಂಟರ್ ಚಿತ್ರದುರ್ಗದಲ್ಲೇ ಇತ್ತು, ವರ್ಷಗಟ್ಟಲೆ ಅಪ್‌ಡೇಟ್ ಬರುತ್ತಿತ್ತು. ಅದನ್ನು ನನಗೆ ಕೊಂಡುಕೊಂಡೆ. ಮಿಂಚುವುದನ್ನು ನಿನಗೆ ಹೇಳಿದೆ. "ಕ್ಯಾಮರಾ ಚೆನ್ನಾಗಿದೆ, ಕಂಬಳಿ ಫೋಟೊಗೆ ಹೇಳಿ ಮಾಡಿಸಿದ ಹಾಗಿದೆ" ಎಂದೂ ಸೇರಿಸಿದೆ. ಗಿರಾಕಿಗಳ ನಂಬರುಗಳನ್ನು ಬೇರೆ ಕಡೆ ಉಳಿಸಿಡುವುದು ಹೇಗೆಂದು ಕೇಳಿದೆಯಲ್ಲ, "ಅದೆಲ್ಲ ತಾನೇ ಆಗುತ್ತದೆ" ಎಂದೆ. ಅದೂ ಸುಳ್ಳು.

ಎರಡನೆಯ ವರ್ಷ, ಚಳಿಗೆ ಕಂಬಳಿ ಬೇಕೆಂದು ಜನ ಕೇಳುವ ಹೊತ್ತಿಗೆ ಸರಿಯಾಗಿ, ಪರದೆಯ ಮೇಲೆ ಹಸಿರು ಗೆರೆ ಬಂತು. ಆಮೇಲೆ ಫೋನು ಕಣ್ಣೇ ಬಿಡಲಿಲ್ಲ. ಬೆಂಗಳೂರಿಗೆ ಹೋದದ್ದು ಸಂಕ್ರಾಂತಿ ಕಳೆದ ಮೇಲೆ ವಾಪಸ್ ಬಂತು, ಒಳಗಿದ್ದದ್ದು ಒಂದೂ ಉಳಿಯದೆ; ಬಂದ ಮೇಲೂ ಹೆಚ್ಚು ದಿನ ನಡೆಯಲಿಲ್ಲ. ಗಿರಾಕಿಗಳು ಬೇರೆಯವರ ಹತ್ತಿರ ಹೋಗಿದ್ದರು. ನೇಯಿಸಿಟ್ಟ ಕಂಬಳಿಗಳನ್ನು ನೀನು ಸಿಕ್ಕ ಬೆಲೆಗೆ ಸಂತೆಯಲ್ಲಿ ಕೊಟ್ಟೆ. ಆಮೇಲೆ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋದೆ. ಸುದ್ದಿ ಕೇಳಿ ಮೊದಲು ನನಗೆ ಖುಷಿಯಾಯಿತು. ಮುಚ್ಚಿಟ್ಟು ಏನು ಪ್ರಯೋಜನ — ಖುಷಿಯೇ ಆಯಿತು.

ನೀನು ಬಂದು ಜಗಳ ಕಾಯಬೇಕಿತ್ತು. ನಾಲ್ಕು ಮಾತು ಬೈದಿದ್ದರೆ ನಾನೂ ಬೈದು ಸರಿ ಮಾಡಿಕೊಳ್ಳುತ್ತಿದ್ದೆ. ಆದರೆ ಮುಂದಿನ ಹಬ್ಬದಲ್ಲಿ ಅತ್ತೆ, "ನಿಮ್ಮಕ್ಕ ಎಂಥ ಫೋನ್ ಕೊಡ್ಸಿದ್ಲೇ?" ಎಂದು ನನ್ನೆದುರಿಗೇ ಕೇಳಿದಾಗ ನೀನು, "ಅಕ್ಕಂದೇನ್ ತಪ್ಪೈತತ್ತೆ. ನಾನೇ ಹಿಟ್ಟಿನ ಕೈಯಾಗೆ ಮುಟ್ತಿದ್ದೆ, ಗಂಗಮ್ಮನ್ನೂ ಕೇಳಾಕೆ ಹೋಗ್ಲಿಲ್ಲ" ಅಂದೆ. ನನಗೆ ಮೈಯೆಲ್ಲ ಉರಿಯಿತು. ಎಂಥ ಹೆಂಗಸು ನೀನು ಎಂದು ಸಿಟ್ಟು ಬಂತು. ಅವತ್ತೇ ಬಾಯಿ ಬಿಡಬಹುದಿತ್ತು — ಬಡಿಸಿದ್ದನ್ನು ಉಂಡು ಎದ್ದೆ.

ನಿನ್ನೆ ನೀನು ಮೈದುನನ ಬಟನ್ ಫೋನಿನಿಂದ ನನಗೆ ಕರೆ ಮಾಡಿದ್ದೆ. "ಕಂಬಳಿ ವ್ಯಾಪಾರ ಮತ್ತೆ ಶುರು ಮಾಡಾಣ ಅಂತಿದೀನಿ ಅಕ್ಕ. ಭಾನ್ವಾರ ಬರ್ತೀನಿ. ಈ ಸಲಾನೂ ಫೋನ್ ನೀನೇ ನೋಡಿ ಹೇಳು."

ನನ್ನ ದಪ್ಪ ಫೋನು ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಅದರಲ್ಲೇ ನಿನ್ನ ಮಾತು ಕೇಳಿದ್ದು.

ಭಾನುವಾರ ನೀನು ಬಂದು ಕೂತ ಮೇಲೆ, ಕಾಫಿ ಕೊಡುವುದಕ್ಕೂ ಮೊದಲು ಇದನ್ನೆಲ್ಲ ನಿನ್ನ ಮುಖ ನೋಡಿಕೊಂಡೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಬೇಡ. ಆಮೇಲೆ ಫೋನಿನ ಹೆಸರನ್ನೂ ಹೇಳುತ್ತೇನೆ. ಈ ಸಲ ಸರಿಯಾದ ಹೆಸರನ್ನೇ ಹೇಳುತ್ತೇನೆ. ಆದರೆ ನನ್ನ ಮಾತು ನಂಬಿ ಅಂಗಡಿಗೆ ಹೋಗಬೇಡ ಭಾಗ್ಯ, ಮೊದಲು ಗಂಗಮ್ಮನನ್ನು ಕೇಳು.