ಹೊಳೆಯ ಉಸಿರು ಅಳೆಯುವ ನೀರಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೆಣಬಿನ ಹೊಲಗಳ ಪಕ್ಕದ ಹೊಳೆಯಲ್ಲಿ ಐವತ್ತಾರರ ಹೆಂಗಸೊಬ್ಬರು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಬಾಟಲಿಯನ್ನು ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ನೀರೊಳಗೇ ಮುಚ್ಚಳ ಬಿಗಿಯುತ್ತಾರೆ. ಆಮೇಲೆ ಹೊಳೆಗೇ ಮೀಟರಿನ ಕಡ್ಡಿ ಅದ್ದುತ್ತಾರೆ. ಮಾತಾಡಿಸಲು ಬಂದ ನಾನು ಬಾಯಿ ತೆರೆದರೆ ಕೈ ಎತ್ತಿ ತಡೆಯುತ್ತಾರೆ.

"ಸ್ವಲ್ಪ ತಾಳಿ. ಅಂಕಿ ಇನ್ನೂ ಕುಣೀತಾ ಇದೆ."

ಊರವರು ಇವರನ್ನು ಕರೆಯುವುದು ನೀರಕ್ಕ ಎಂದು. ಇಲ್ಲಿನ ಸೆಣಬು ಕಾರಿನ ಬಾಗಿಲಿನ ಒಳಹಲಗೆಯಾಗುತ್ತದೆ. ಅದನ್ನು ಬೆಳೆಯುವುದರಿಂದ ಮಣ್ಣಿಗೆ, ನೀರಿಗೆ ಏನಾಗುತ್ತಿದೆ ಎಂದು ಪರೀಕ್ಷಾ ಕೇಂದ್ರ ವರ್ಷವರ್ಷವೂ ವರದಿ ಕೊಡಬೇಕು. ವರದಿ ಕೆಟ್ಟರೆ ಕಾರ್ಖಾನೆ ನಾರು ಕೊಳ್ಳುವುದಿಲ್ಲ. ಆ ವರದಿಯ ಅಂಕಿಗಳೆಲ್ಲ ನೀರಕ್ಕನ ಕೈಯಿಂದಲೇ ಬರುತ್ತವೆ. ದಿನಕ್ಕೆ ಹನ್ನೆರಡು ಕಡೆ ನೀರು, ಎಂಟು ಹೊಲದ ಮಣ್ಣು, ಒಂಬತ್ತು ಕಿಲೋಮೀಟರ್ ನಡಿಗೆ.

"ಬೆಳಗಿನ ಜಾವ ಹೊಳೆಗೆ ಉಸಿರು ಕಮ್ಮಿ. ಮಧ್ಯಾಹ್ನ ಬಂದು ಅಳೆದ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಅದಕ್ಕೇ ಈ ಹೊತ್ತಲ್ಲಿ ಬರೋದು."

ಚಾಲಕರಾಗಿದ್ದ ಗಂಡ ಬೆನ್ನುಮೂಳೆ ಮುರಿದುಕೊಂಡು ಮಲಗಿದಾಗ ಇವರು ಕೇಂದ್ರಕ್ಕೆ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದರು. ತೊಳೆಯುತ್ತಲೇ ನೋಡಿ ನೋಡಿ ಅಳತೆ ಕಲಿತರು. ಈಗ ಮೂವತ್ತೊಂದು ವರ್ಷ.

ಹೋದ ವರ್ಷ ಒಂದು ಬೆಳಿಗ್ಗೆ ಹೊಳೆಯಲ್ಲಿ ಮೀನು ಸತ್ತು ತೇಲಿದವು. ಹೊಲಕ್ಕೆ ಹಾಕಿದ ಗೊಬ್ಬರದ್ದೇ ತಪ್ಪು ಎಂದು ಎಲ್ಲರೂ ತೀರ್ಮಾನಿಸಿದರು. ಸೆಣಬೇ ಬೇಡ ಎಂದು ವರದಿ ಬರೆಯಲು ಕೇಂದ್ರದವರೂ ಸಿದ್ಧರಾದರು. ಅರವತ್ತಮೂರು ಮನೆಗಳ ಬೇಸಾಯ ನಿಂತುಹೋಗುವ ಮಾತು.

"ನನ್ನ ಮಣ್ಣಿನ ಅಂಕಿ ಹಾಗೆ ಹೇಳ್ತಾ ಇರ್ಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದಾ? ಮೂರು ದಿನ ಕೊಡಿ ಸಾರ್ ಅಂದೆ."

ಆ ಮೂರೂ ದಿನ ಹೊಳೆ ಹರಿದುಬರುವ ದಿಕ್ಕಿಗೆ ನಡೆದು, ನೂರು ಹೆಜ್ಜೆಗೊಮ್ಮೆ ಅಳೆದರು. ಒಂದು ತಿರುವಿನ ಕೆಳಗೆ ನೀರಿನ ಉಸಿರು, ಅಂದರೆ ಅದರಲ್ಲಿ ಕರಗಿದ ಆಮ್ಲಜನಕ, ಲೀಟರಿಗೆ ಎರಡು ಮಿಲಿಗ್ರಾಂ, ಮೇಲೆ ಏಳು. ನಡುವೆ ಇದ್ದದ್ದು ಕೊಯ್ದ ಸೆಣಬನ್ನು ನಾರು ಬಿಡಿಸಲು ಕೊಳೆಹಾಕುವ ಹೊಂಡ. ಅದರ ಏರಿ ಬಿರುಕು ಬಿಟ್ಟು ಕೊಳೆನೀರು ಹೊಳೆಗೆ ಜಿನುಗುತ್ತಿತ್ತು. ಹೊಂಡ ನೋಡಿಕೊಳ್ಳುತ್ತಿದ್ದದ್ದು ನೀರಕ್ಕನ ಸ್ವಂತ ತಮ್ಮ.

"ಬರೀಬೇಡ ಅಕ್ಕಾ, ನಾನೇ ಸದ್ದಿಲ್ದೆ ಮುಚ್ತೀನಿ ಅಂದ. ತಮ್ಮ ಅಂತ ಮೀಟರಿಗೆ ಗೊತ್ತಾಗುತ್ತಾ? ಬರೆದೆ."

ತಮ್ಮ ವರ್ಷವಿಡೀ ಅಕ್ಕನ ಮನೆ ಹೊಸ್ತಿಲು ತುಳಿಯಲಿಲ್ಲ. ಆದರೆ ಏರಿಗೆ ಜೇಡಿಮಣ್ಣು ಮೆತ್ತಿದ, ಕೊಳೆನೀರನ್ನು ಬೀಳುಭೂಮಿಗೆ ತಿರುಗಿಸಿದ. ನೀರು ಸರಿಯಾಗಲು ಕಾರ್ಖಾನೆ ಒಂದು ವರ್ಷದ ಗಡುವು ಕೊಟ್ಟಿತು. ಕಳೆದ ವಾರ ಫಲಿತಾಂಶ ಬಂತು: ತಿರುವಿನ ಕೆಳಗೂ ಆರೂಮುಕ್ಕಾಲು. ಸೆಣಬು ಪಾಸಾಯಿತು.

ಸುದ್ದಿ ಕೇಳಿ ನೀರಕ್ಕ ಕೇಂದ್ರದ ಮೆಟ್ಟಿಲ ಮೇಲೆ ಹಾಗೇ ಕುಳಿತುಬಿಟ್ಟರಂತೆ. ಸಂಜೆ ತಮ್ಮ ಮನೆಗೆ ಬಂದ. ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಅಕ್ಕಾ, ಹಸಿವಾಗ್ತಿದೆ" ಎಂದ.

"ಎರಡು ಸಲ ಬಡಿಸಿಕೊಂಡ. ಎದೆ ಮೇಲಿನ ಕಲ್ಲು ಅವತ್ತು ಇಳೀತು ನೋಡಿ" ಎಂದು ಕಣ್ಣೊರೆಸಿಕೊಂಡು ನಗುತ್ತಾರೆ.

ವರದಿಯಲ್ಲಿ ಇವರ ಹೆಸರಿಲ್ಲ. ಬೇಸರವಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಏನಾದರೂ ಆಸೆ? ಮೀಟರಿನ ಕಡ್ಡಿ ಒರೆಸುತ್ತಾ ಹೇಳುತ್ತಾರೆ.

"ಇಷ್ಟು ವರ್ಷದಲ್ಲಿ ಬಾಟ್ಲಿ ಇಲ್ದೆ ಹೊಳೆಗೆ ಬಂದೇ ಇಲ್ಲ. ಒಂದಿನ ನಮ್ಮನೆಯವರನ್ನ ಕರ್ಕೊಂಡು ಬಂದು ಕಾಲು ಇಳಿಬಿಟ್ಟು ಸುಮ್ನೆ ಕೂರ್ಬೇಕು. ಅಳತೆ ಗಿಳತೆ ಏನೂ ಬೇಡ."