ಹುಳು ಗೂಡು ಕಟ್ಟುವವರೆಗೆ

ಭವ್ಯಾ, ನಿನ್ನ ಅಮ್ಮನ ಎದೆಯಲ್ಲಿದ್ದ ನೆರಳನ್ನು ನಾನು ಮೊದಲ ಸಲವೇ ನೋಡಿದ್ದೆ. ನೋಡಿಯೂ ಏನೂ ಇಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ. ಊರಿಗೆ ಗೊತ್ತಿರುವುದೇ ಬೇರೆ — ಸರಳಾ ಬೆಳಕು ಹಿಡಿದು ಓರಗಿತ್ತಿಯ ಕಾಯಿಲೆ ಪತ್ತೆ ಮಾಡಿದಳು ಎಂದು. ಆ ಹೊಗಳಿಕೆಯನ್ನು ಮೂರು ವರ್ಷದಿಂದ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದೇನೆ.

ನಮ್ಮಂಥ ಆಶಾ ಕಾರ್ಯಕರ್ತೆಯರಿಗೆ ಎದೆಯ ಗಂಟು ನೋಡುವ ಆ ಕೆಂಪು ಬೆಳಕಿನ ಯಂತ್ರ ಕೊಟ್ಟ ಹೊಸತು. ಆವನಿ ಹತ್ತಿರದ ನಮ್ಮೂರ ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡಿದ್ದೆ. ಎದೆಯ ಕೆಳಗೆ ಹಿಡಿದರೆ ಬೆಳಕು ಮೈಯೊಳಗಿಂದ ಹಾದು ಬರುತ್ತದೆ, ರಕ್ತನಾಳಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ. ಗೆರೆಯಲ್ಲದೆ ಕಪ್ಪು ಮಚ್ಚೆ ಕಂಡರೆ ಸ್ಕ್ಯಾನಿಂಗಿಗೆ ಕೋಲಾರಕ್ಕೆ ಕಳಿಸಬೇಕು. ಕಾಯಿಲೆ ಹೌದೋ ಅಲ್ಲವೋ ಹೇಳುವುದು ಡಾಕ್ಟರ ಕೆಲಸ. ನನ್ನದು ಕಳಿಸುವುದಷ್ಟೇ — ಅಷ್ಟೇ ಇದ್ದದ್ದು.

ಅಕ್ಕ, ನಿನ್ನ ಅಮ್ಮ, ಎಲ್ಲರಿಗಿಂತ ಕೊನೆಗೆ ಬಂದಳು. "ಬೇಗ ನೋಡೇ, ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು" ಎಂದಳು. ಎಡಗಡೆ ಒಂದು ಮಚ್ಚೆ. ಬೆಳಕನ್ನು ಅತ್ತ ಇತ್ತ ಸರಿಸಿ ನೋಡಿದೆ. ಅದು ಇದ್ದಲ್ಲೇ ಇತ್ತು.

ನಮ್ಮ ರೇಷ್ಮೆ ಹುಳುಗಳು ಆ ಬೆಳಿಗ್ಗೆಯಷ್ಟೇ ನಾಲ್ಕನೇ ಜ್ವರದಿಂದ ಎದ್ದಿದ್ದವು. ಕೊನೆಯ ಪೊರೆ ಬಿಟ್ಟು, ಗೂಡು ಕಟ್ಟುವವರೆಗೆ ಬಕಾಸುರರ ಹಾಗೆ ತಿನ್ನುವ ವಾರ ಅದು. ಹುಳಕ್ಕೆ ಸೋಂಕು ತಗಲೀತೆಂದು ಆಸ್ಪತ್ರೆಗೆ ಹೋಗಿ ಬಂದವರನ್ನು ಆ ಬೆಳೆ ಮುಗಿಯುವವರೆಗೆ ನಮ್ಮನೆಯಲ್ಲಿ ಹುಳದ ಮನೆಯೊಳಗೆ ಬಿಡುವುದಿಲ್ಲ, ನಿನಗೇ ಗೊತ್ತು. ಅಕ್ಕ ಹೊರಗುಳಿದರೆ ಹುಳದ ಅಷ್ಟೂ ತಟ್ಟೆಗಳು ನನ್ನ ತಲೆಗೆ. ಒಂದು ವಾರ ತಾನೇ, ಗೂಡು ಕಟ್ಟಿದ ಮೇಲೆ ಹೇಳಿದರಾಯಿತು — ಎಂದುಕೊಂಡೆ.

"ಏಮೀ ಲೇದು ಕದಾ?" ಎಂದಳು, ರವಿಕೆಯ ಗುಂಡಿ ಹಾಕಿಕೊಳ್ಳುತ್ತಾ. ಭಯವಾದಾಗ ಅವಳ ಬಾಯಿಗೆ ತವರಿನ ತೆಲುಗೇ ಬರುತ್ತಿದ್ದುದು.

"ಏನೂ ಇಲ್ಲಕ್ಕ, ಹೋಗು. ಸೊಪ್ಪು ಬಾಡುತ್ತೆ."

ಗೂಡು ಚೆನ್ನಾಗಿಯೇ ಬಂತು. ಆದರೆ ಹೇಳಲು ಹೋದರೆ ನಾಲಿಗೆ ಏಳಲಿಲ್ಲ. ಅವತ್ತೇ ಯಾಕೆ ಹೇಳಲಿಲ್ಲ ಎಂದರೆ...? ಇವತ್ತು, ನಾಳೆ ಎನ್ನುತ್ತಾ ಇನ್ನೂ ಎರಡು ಬೆಳೆ ಮುಗಿದವು. ಹುಳಕ್ಕಾಗಿ ಮುಚ್ಚಿಟ್ಟದ್ದು ಒಂದು ವಾರ. ನನ್ನ ಮರ್ಯಾದೆಗಾಗಿ ಮುಚ್ಚಿಟ್ಟದ್ದು ನಾಲ್ಕು ತಿಂಗಳು, ಭವ್ಯಾ. ಕೊನೆಗೆ ತಡೆಯಲಾರದೆ ಅವಳನ್ನು ಮತ್ತೆ ಆ ಕತ್ತಲ ಕೋಣೆಗೆ ಕರೆದು, ಈಗಷ್ಟೇ ಕಂಡವಳಂತೆ ಬೆಚ್ಚಿದೆ. ಅಷ್ಟು ಚೆನ್ನಾಗಿ ನಾಟಕವಾಡಲು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಸ್ವಲ್ಪ ಮುಂಚೆ ಬರಬಾರದಿತ್ತಾ?" ಎಂದರು ಕೋಲಾರದ ಡಾಕ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ನಾಲ್ಕು ತಿಂಗಳು ಅವಳನ್ನು ಉಳಿಸುತ್ತಿತ್ತೋ ಇಲ್ಲವೋ — ಯಾರನ್ನು ಕೇಳಲಿ? ಕೇಳಬೇಕಾದರೆ ಮೊದಲು ಎಲ್ಲವನ್ನೂ ಹೇಳಬೇಕಿತ್ತು. ಕೂದಲೆಲ್ಲ ಉದುರಿದ ಮೇಲೂ ಅಕ್ಕ ನನ್ನ ಕೈ ಹಿಡಿದುಕೊಂಡು, "ನೀನಿಲ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಕಣೇ" ಎನ್ನುತ್ತಿದ್ದಳು. ಹಾಗೆ ನಂಬಿಕೊಂಡೇ ಹೋದಳು.

ನಿನ್ನೆ ನೀನು ನಂಗಲಿಯಿಂದ ಫೋನ್ ಮಾಡಿದೆ. "ಚಿಕ್ಕಮ್ಮ, ಭಾನುವಾರ ಬರ್ತೀನಿ, ನಂಗೂ ಬೆಳಕು ಹಿಡಿದು ನೋಡ್ಬಿಡು. ನೀನು ಏನೂ ಇಲ್ಲ ಅಂದ್ರೆ ನಂಗೆ ಸಾಕು." ಆಯ್ತು ಎಂದುಬಿಟ್ಟೆ. ಅದಕ್ಕೇ ಈ ಕಾಗದ.

ಇಲ್ಲಿಗೆ ಬರಬೇಡ, ನೇರ ಕೋಲಾರಕ್ಕೆ ಹೋಗಿ ಡಾಕ್ಟರ ಹತ್ತಿರವೇ ತೋರಿಸು. ನಾನು ಏನೂ ಇಲ್ಲ ಅಂದರೆ ನಿನಗೆ ಸಾಕಾಗಬಾರದು. ನಿನ್ನ ಅಮ್ಮನಿಗೆ ಸಾಕಾಗಿತ್ತು.